ಸಿಟ್ಟು ಮೊದಲಾ, ಎದೆಬಡಿತ ಮೊದಲಾ?

ಹೋದ ವಾರ ಫೋನಲ್ಲಿ ಅಪ್ಪನ ಮೇಲೆ ಜೋರಾಗಿ ಕೂಗಾಡಿದೆ. ಆಮೇಲೆ ಅಮ್ಮ ಕೇಳಿದಾಗ, "ಏನ್ ಮಾಡ್ಲಿ, ಸಿಟ್ಟು ಬಂದ್ಬಿಡ್ತು" ಅಂದೆ. ಈ ಮಾತು ನಾವೆಲ್ಲಾ ಹೇಳ್ತೀವಿ. ಆದ್ರೆ ಸಿಟ್ಟು ತಾನಾಗೇ ಬರೋದಾದ್ರೆ, ಕೂಗಾಡಿದ ತಪ್ಪು ಯಾರದು?

ಇಂಥದ್ದೇ ಪ್ರಶ್ನೆ ಅಮೆರಿಕದ ವಿಲಿಯಂ ಜೇಮ್ಸ್‌ನನ್ನ ಕಾಡಿತ್ತು. 1870ರಲ್ಲಿ ಅವನಿಗೆ 28 ವರ್ಷ. ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಸಿಕ್ಕಿತ್ತು, ಆದ್ರೆ ಮನಸ್ಸು ಪೂರ್ತಿ ಕುಸಿದಿತ್ತು. ಮನುಷ್ಯ ಬರೀ ನರಗಳ ಯಂತ್ರವಾದ್ರೆ, ನಾನು ಏನನ್ನಾದ್ರೂ ಆರಿಸ್ಕೊಳ್ಳೋದಕ್ಕೆ ಅರ್ಥ ಏನು ಅನ್ನೋ ಭಯ. ಆಗ ಫ್ರಾನ್ಸಿನ ತತ್ವಜ್ಞಾನಿ ಶಾರ್ಲ್ ರೆನೂವಿಯೆಯನ್ನ ಓದಿದ. ಹತ್ತು ಯೋಚನೆ ಬರಬಹುದಾದಾಗ, ಬೇಕು ಅಂತಲೇ ಒಂದನ್ನ ಹಿಡಿದಿಟ್ಟುಕೊಳ್ಳೋದೇ ಸ್ವತಂತ್ರ ಇಚ್ಛೆ ಅನ್ನೋದು ರೆನೂವಿಯೆ ವಿವರಣೆ. ಏಪ್ರಿಲ್ 30ರ ಡೈರಿಯಲ್ಲಿ ಜೇಮ್ಸ್, ಸ್ವತಂತ್ರ ಇಚ್ಛೆ ಇದೆ ಅಂತ ನಂಬೋದನ್ನೇ ತನ್ನ ಮೊದಲ ಸ್ವತಂತ್ರ ಕೆಲಸ ಮಾಡಿಕೊಂಡ. ಗಮನಿಸಿ, ಇದು ಪುರಾವೆ ಅಲ್ಲ, ನಿರ್ಧಾರ.

ಮಜಾ ಇರೋದು ಮುಂದೆ. 1884ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಇದೇ ಜೇಮ್ಸ್ ಭಾವನೆಗಳ ಬಗ್ಗೆ ಬರೆದ. ಕರಡಿ ಕಂಡ್ರೆ ಭಯ ಆಗುತ್ತೆ, ಅದಕ್ಕೇ ಓಡ್ತೀವಿ ಅಂತ ನಾವು ಅಂದ್ಕೋತೀವಿ. ಅವನು ಅದನ್ನ ತಿರುಗಿಸಿದ: ಮೊದಲು ಮೈ ಬದಲಾಗುತ್ತೆ, ಆ ಬದಲಾವಣೆ ನಮ್ಮ ಅರಿವಿಗೆ ಬರೋದೇ ಭಯ. ಎದೆಬಡಿತ, ಏದುಸಿರು, ನಡುಕ ಎಲ್ಲಾ ತೆಗೆದ್ರೆ ಭಯ ಅನ್ನೋಕೆ ಏನೂ ಉಳಿಯಲ್ಲ. ಮರುವರ್ಷ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಕೂಡ ಇಂಥದ್ದೇ ವಾದ ಮುಂದಿಟ್ಟ. ಹಾಗಾಗಿ ಇದು ಜೇಮ್ಸ್–ಲಾಂಗೆ ಸಿದ್ಧಾಂತ.

ಹಾಗಾದ್ರೆ ಸ್ವತಂತ್ರ ಇಚ್ಛೆ ಎಲ್ಲಿ ಹೋಯ್ತು? ಎದೆಬಡಿತಕ್ಕೆ ನಾವು ಆರ್ಡರ್ ಮಾಡೋಕಾಗಲ್ಲ, ನಿಜ. ಆದ್ರೆ ದನಿ, ಮುಷ್ಟಿ, ಮುಖ ಸ್ವಲ್ಪ ನಮ್ಮ ಕೈಲಿವೆ. ಸಿಟ್ಟು ಕಾರೋ ಮೊದಲು ಹತ್ತರವರೆಗೆ ಎಣಿಸಿದ್ರೆ, ಸಿಟ್ಟಿನ ಕಾರಣವೇ ಕ್ಷುಲ್ಲಕ ಅನ್ಸುತ್ತೆ ಅಂತಾನೆ ಜೇಮ್ಸ್. 1890ರ ತನ್ನ ದೊಡ್ಡ ಮನಶ್ಶಾಸ್ತ್ರ ಗ್ರಂಥದಲ್ಲಿ, ಕಷ್ಟದ ಯೋಚನೆ ಮೇಲೆ ಗಮನ ಜಾರದಂತೆ ಹಿಡಿಯೋ ಪ್ರಯತ್ನವೇ ಇಚ್ಛಾಶಕ್ತಿಯ ತಿರುಳು ಅಂದ. ರೆನೂವಿಯೆ ಹೇಳಿದ್ದೂ ಹೆಚ್ಚುಕಮ್ಮಿ ಅದೇ ಅಲ್ವಾ?

ಸಿದ್ಧಾಂತಕ್ಕೆ ಏಟೂ ಬಿತ್ತು. ಭಯಕ್ಕೂ ಸಿಟ್ಟಿಗೂ ಎದೆ ಒಂದೇ ಥರ ಬಡ್ಕೊಳ್ಳುತ್ತೆ, ಮತ್ತೆ ಎರಡೂ ಬೇರೆ ಬೇರೆ ಅಂತ ಹೇಗೆ ಗೊತ್ತಾಗುತ್ತೆ ಅಂತ 1927ರಲ್ಲಿ ವಾಲ್ಟರ್ ಕ್ಯಾನನ್ ಕೇಳಿದ. ಮೈಯೊಂದರಿಂದಲೇ ಎಲ್ಲಾ ವಿವರಿಸೋಕಾಗಲ್ಲ ಅನ್ನೋದು ಸರಿಯೇ.

ಆದ್ರೂ ನನಗೆ ಬೇಕಾದ ಉತ್ತರ ಸಿಕ್ತು. ಆವತ್ತು ಎದೆ ಬಡ್ಕೊಂಡಿದ್ದು ನನ್ನ ಕೈಲಿರಲಿಲ್ಲ. ದನಿ ಏರಿಸಿದ್ದು ನಾನೇ. ರೆಕಾರ್ಡಿಂಗ್ ಮುಗಿದ ತಕ್ಷಣ ಅಪ್ಪನಿಗೆ ಫೋನ್ ಮಾಡ್ತೀನಿ. ಮುಂದಿನ ಎಪಿಸೋಡಲ್ಲಿ ಸಿಗೋಣ.