ವಿಕಿಪಠ್ಯದಲ್ಲಿ ಕೋಷ್ಟಕ ರಚನೆ

ವಿಕಿಪಠ್ಯವು ಮೀಡಿಯಾವಿಕಿ ತಂತ್ರಾಂಶದಲ್ಲಿ ಲೇಖನಗಳನ್ನು ಬರೆಯಲು ಬಳಸುವ ಸರಳ ಗುರುತುಭಾಷೆಯಾಗಿದೆ. ಸಾಮಾನ್ಯ ಅಕ್ಷರಗಳ ನಡುವೆ ಕೆಲವು ಚಿಹ್ನೆಗಳನ್ನು ಸೇರಿಸಿ ತಲೆಬರಹ, ಕೊಂಡಿ, ಪಟ್ಟಿ, ಕೋಷ್ಟಕ ಮುಂತಾದವನ್ನು ಇದರಲ್ಲಿ ರೂಪಿಸಲಾಗುತ್ತದೆ. ಮಾಹಿತಿಯನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿ ತೋರಿಸುವ ವ್ಯವಸ್ಥೆಗೆ ಕೋಷ್ಟಕವೆಂದು ಹೆಸರು. ಅಡ್ಡಸಾಲು ಮತ್ತು ಕಂಬಸಾಲು ಸಂಧಿಸುವ ಸ್ಥಾನವನ್ನು ಕೋಶ ಎನ್ನುತ್ತಾರೆ. ಶಾಲೆಯ ಹಾಜರಿ ಪುಸ್ತಕ ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ.

ಕೋಷ್ಟಕದಲ್ಲಿ ಮಾಹಿತಿಯ ಅರ್ಥವು ಅದರ ಸ್ಥಾನವನ್ನು ಅವಲಂಬಿಸಿರುತ್ತದೆ. ಗದ್ಯದಲ್ಲಿ ಒಂದು ಪದ ಬಿಟ್ಟುಹೋದರೆ ವಾಕ್ಯವೇ ಎಡವುವುದರಿಂದ ಓದುಗನಿಗೆ ದೋಷ ತಿಳಿಯುತ್ತದೆ. ಕೋಷ್ಟಕದಲ್ಲಿ ಒಂದು ಕೋಶ ಬಿಟ್ಟುಹೋದರೆ ಉಳಿದ ಮಾಹಿತಿ ಪಕ್ಕದ ಮನೆಗೆ ಸರಿದು, ತಪ್ಪು ಸಂಗತಿಯೇ ಸರಿಯಾದುದರಂತೆ ಕಾಣುತ್ತದೆ. ಆದ್ದರಿಂದ ಕೋಷ್ಟಕದ ಚಿಹ್ನೆಗಳನ್ನು ಅರಿತು ಬಳಸುವುದು ಲೇಖನದ ಅಂದಕ್ಕಿಂತಲೂ ಅದರ ಸತ್ಯಕ್ಕೆ ಸಂಬಂಧಿಸಿದ ವಿಷಯವಾಗಿದೆ.

== ಹಿನ್ನೆಲೆ ==

ವಿಕಿಪೀಡಿಯ 2001ರ ಜನವರಿ 15ರಂದು ಆರಂಭವಾಯಿತು. ಮೀಡಿಯಾವಿಕಿಯ ಮೊದಲ ರೂಪವನ್ನು ಮಾಗ್ನಸ್ ಮಾನ್ಸ್ಕೆ ಬರೆದರು. ಅದು 2002ರಲ್ಲಿ ಬಳಕೆಗೆ ಬಂದಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಆರಂಭದ ದಿನಗಳಲ್ಲಿ ಕೋಷ್ಟಕಗಳನ್ನು ಎಚ್‌ಟಿಎಮ್‌ಎಲ್ ಭಾಷೆಯ ಟ್ಯಾಗ್‌ಗಳಲ್ಲಿಯೇ ಬರೆಯಬೇಕಾಗಿತ್ತು. ಪ್ರತಿಯೊಂದು ಸಾಲಿಗೂ ಪ್ರತಿಯೊಂದು ಕೋಶಕ್ಕೂ ಆರಂಭದ ಟ್ಯಾಗ್ ಬೇಕಾಗಿದ್ದರಿಂದ ಬರಹಕ್ಕಿಂತ ಟ್ಯಾಗ್‌ಗಳೇ ಹೆಚ್ಚಾಗಿ, ತಿದ್ದುವವರಿಗೆ ತೊಡಕಾಗುತ್ತಿತ್ತು. ಇದನ್ನು ಸುಲಭಗೊಳಿಸಲು ಲಂಬಗೆರೆಯನ್ನು, ಅಂದರೆ ಪೈಪ್ ಚಿಹ್ನೆಯನ್ನು, ಆಧರಿಸಿದ ಸಂಕ್ಷಿಪ್ತ ಕ್ರಮ ರೂಪುಗೊಂಡಿತು. ತಂತ್ರಾಂಶವು ಈ ಚಿಹ್ನೆಗಳನ್ನು ಓದಿ ತಾನೇ ಎಚ್‌ಟಿಎಮ್‌ಎಲ್ ಕೋಷ್ಟಕವನ್ನು ಸಿದ್ಧಪಡಿಸುತ್ತದೆ.

== ಮೂಲ ಚಿಹ್ನೆಗಳು ==

ಸಾಮಾನ್ಯ ಕೋಷ್ಟಕವೊಂದಕ್ಕೆ ಕೆಳಗಿನ ಚಿಹ್ನೆಗಳು ಸಾಕಾಗುತ್ತವೆ.

* {| : ಕೋಷ್ಟಕದ ಆರಂಭ. ತೆರೆಯುವ ಪುಷ್ಪಾವರಣದ ಪಕ್ಕದಲ್ಲಿ ಪೈಪ್.
* |+ : ಕೋಷ್ಟಕದ ಶೀರ್ಷಿಕೆ.
* |- : ಹೊಸ ಅಡ್ಡಸಾಲಿನ ಆರಂಭ.
* ! : ತಲೆಕೋಶ. ಒಂದೇ ಗೆರೆಯಲ್ಲಿ ಮುಂದಿನ ತಲೆಕೋಶಕ್ಕೆ !! ಬಳಸಬೇಕು.
* | : ಮಾಹಿತಿ ಕೋಶ. ಒಂದೇ ಗೆರೆಯಲ್ಲಿ ಮುಂದಿನ ಕೋಶಕ್ಕೆ || ಬಳಸಬೇಕು.
* |} : ಕೋಷ್ಟಕದ ಅಂತ್ಯ.

ಆರಂಭ, ಶೀರ್ಷಿಕೆ, ಹೊಸ ಸಾಲು ಮತ್ತು ಅಂತ್ಯದ ಚಿಹ್ನೆಗಳು ಪ್ರತ್ಯೇಕ ಗೆರೆಯ ಮೊದಲಲ್ಲೇ ಬರಬೇಕು. ಅಂತ್ಯದ ಚಿಹ್ನೆಯನ್ನು ಮರೆತರೆ ಮುಂದಿನ ಬರಹವೂ ಕೋಷ್ಟಕದ ಭಾಗವೆಂದು ಪರಿಗಣಿತವಾಗಿ ಪುಟದ ವಿನ್ಯಾಸ ಕೆಡುತ್ತದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಎಚ್ಚರ ವಹಿಸಬೇಕು. ಪದ್ಯ ಮತ್ತು ವಚನಗಳ ಪಾದಾಂತ್ಯದಲ್ಲಿ ಬರುವ ದಂಡವು (।) ನೋಟಕ್ಕೆ ಪೈಪ್ ಚಿಹ್ನೆಯಂತೆಯೇ ಇದ್ದರೂ ಗಣಕಕ್ಕೆ ಅದು ಬೇರೆಯೇ ಅಕ್ಷರ. ದಂಡವನ್ನು ಒತ್ತಿದರೆ ಕೋಷ್ಟಕ ರೂಪುಗೊಳ್ಳುವುದಿಲ್ಲ. ಬಳಸುತ್ತಿರುವ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಪೈಪ್ ದೊರೆಯದಿದ್ದರೆ ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿಕೊಂಡು ಒತ್ತಬೇಕು.

== ಉದಾಹರಣೆ: ಪಾಂಡವಪುರ ಉಪವಿಭಾಗದ ತಾಲ್ಲೂಕುಗಳು ==

ಮಂಡ್ಯ ಜಿಲ್ಲೆಯು 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಅದರ ಪಾಂಡವಪುರ ಉಪವಿಭಾಗದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಿವೆ. ಇವುಗಳ ಕುರಿತ ಪುಟ್ಟ ಕೋಷ್ಟಕವನ್ನು ಹೀಗೆ ಬರೆಯಬಹುದು:

{|
|+ ಪಾಂಡವಪುರ ಉಪವಿಭಾಗದ ತಾಲ್ಲೂಕುಗಳು
! ತಾಲ್ಲೂಕು !! 19ನೆಯ ಶತಮಾನದ ಬೇರೆ ಹೆಸರು !! ಒಂದು ಪ್ರಸಿದ್ಧ ಸ್ಥಳ
|-
| ಶ್ರೀರಂಗಪಟ್ಟಣ || ಸೆರಿಂಗಪಟಂ || ರಂಗನತಿಟ್ಟು
|-
| ಪಾಂಡವಪುರ || ಫ್ರೆಂಚ್ ರಾಕ್ಸ್ || ಮೇಲುಕೋಟೆ
|-
| ಕೃಷ್ಣರಾಜಪೇಟೆ || ಅತ್ತಿಕುಪ್ಪೆ || ಹೊಸಹೊಳಲು
|-
| ನಾಗಮಂಗಲ || — || ಕಂಬದಹಳ್ಳಿ
|}

ಇದರಲ್ಲಿ ಒಂದು ಶೀರ್ಷಿಕೆ, ಒಂದು ತಲೆಸಾಲು, ನಾಲ್ಕು ಮಾಹಿತಿ ಸಾಲುಗಳು ಮತ್ತು ಮೂರು ಕಂಬಸಾಲುಗಳಿವೆ. ಪ್ರತಿ ಸಾಲಿನಲ್ಲೂ ಮೂರು ಕೋಶಗಳಿರುವುದನ್ನು ಎಣಿಸಿ ನೋಡಬೇಕು. ಗೆರೆ, ಹಿನ್ನೆಲೆ ಬಣ್ಣ ಮುಂತಾದ ರೂಢಿಯ ವಿನ್ಯಾಸ ಬೇಕಾದಲ್ಲಿ ಆರಂಭದ ಚಿಹ್ನೆಯ ಪಕ್ಕದಲ್ಲಿ ಕ್ಲಾಸ್ ಎಂಬ ಗುಣಲಕ್ಷಣಕ್ಕೆ ವಿಕಿಟೇಬಲ್ ಎಂಬ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಕೊಡಬೇಕು. ಈ ಲೇಖನದಲ್ಲಿ ಗುಣಲಕ್ಷಣಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಸಂಪಾದನೆ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು.

== ಖಾಲಿ ಕೋಶ ಮತ್ತು ಅದರ ಅಪಾಯ ==

ಮೇಲಿನ ಕೋಷ್ಟಕದ ನಾಗಮಂಗಲದ ಸಾಲು ಗಮನಾರ್ಹವಾಗಿದೆ. ಆ ಊರು 19ನೆಯ ಶತಮಾನದಲ್ಲೂ ನಾಗಮಂಗಲವೆಂದೇ ಬಳಕೆಯಲ್ಲಿದ್ದುದರಿಂದ ಎರಡನೆಯ ಕೋಶದಲ್ಲಿ ಬರೆಯುವುದಕ್ಕೆ ಏನೂ ಇಲ್ಲ. ಏನೂ ಇಲ್ಲವೆಂದು ಆ ಕೋಶವನ್ನೇ ಕೈಬಿಟ್ಟರೆ ಸಾಲು ಹೀಗಾಗುತ್ತದೆ:

| ನಾಗಮಂಗಲ || ಕಂಬದಹಳ್ಳಿ

ತಂತ್ರಾಂಶ ಯಾವ ದೋಷವನ್ನೂ ತೋರಿಸುವುದಿಲ್ಲ. ಆದರೆ ಕಂಬದಹಳ್ಳಿ ಎಂಬ ಹೆಸರು ಎರಡನೆಯ ಕಂಬಸಾಲಿಗೆ ಸರಿದು, ನಾಗಮಂಗಲಕ್ಕೆ ಹಿಂದೆ ಕಂಬದಹಳ್ಳಿ ಎಂಬ ಹೆಸರಿತ್ತು ಎಂಬ ಅರ್ಥ ಹುಟ್ಟುತ್ತದೆ. ವಾಸ್ತವವಾಗಿ ಕಂಬದಹಳ್ಳಿಯು ಪಂಚಕೂಟ ಬಸದಿಗೆ ಹೆಸರಾದ, ಅದೇ ತಾಲ್ಲೂಕಿನ ಬೇರೊಂದು ಊರು.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಪ್ರತಿ ಕೋಶವನ್ನೂ ಪ್ರತ್ಯೇಕ ಗೆರೆಯಲ್ಲಿ ಬರೆಯುವ ಪದ್ಧತಿಯೂ ಉಂಟು. ಆಗ ಖಾಲಿ ಕೋಶವನ್ನು ಸೂಚಿಸಲು ಪೈಪ್ ಚಿಹ್ನೆಗೆ ತಾಗಿಸಿ ಚಿಕ್ಕ ಅಡ್ಡಗೆರೆ ಹಾಕಿದರೆ ಹೀಗಾಗುತ್ತದೆ:

| ನಾಗಮಂಗಲ
|-
| ಕಂಬದಹಳ್ಳಿ

ಇಲ್ಲಿ ಬರೆದವರ ಉದ್ದೇಶ ‘ಏನೂ ಇಲ್ಲ’ ಎಂಬುದು. ತಂತ್ರಾಂಶ ಗ್ರಹಿಸುವುದು ‘ಹೊಸ ಅಡ್ಡಸಾಲು’ ಎಂದು. ಪರಿಣಾಮವಾಗಿ ಕಂಬದಹಳ್ಳಿ ಮೊದಲ ಕಂಬಸಾಲಿನಲ್ಲಿ ಕುಳಿತು ಐದನೆಯ ತಾಲ್ಲೂಕಿನಂತೆ ಕಾಣುತ್ತದೆ. ಪೈಪ್ ಮತ್ತು ಅಡ್ಡಗೆರೆಯ ನಡುವೆ ಒಂದು ತೆರಪು ಬಿಟ್ಟರೆ ಈ ದೋಷ ನಿವಾರಣೆಯಾಗುತ್ತದೆ. ಉಷ್ಣಾಂಶದಂತಹ ಋಣ ಸಂಖ್ಯೆಗಳನ್ನು ಬರೆಯುವಾಗಲೂ, ಕೂಡು ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಗಳನ್ನು ಬರೆಯುವಾಗಲೂ ಇದೇ ನಿಯಮ ಅನ್ವಯಿಸುತ್ತದೆ.

ಖಾಲಿ ಕೋಶಕ್ಕೆ ಎರಡು ಅರ್ಥಗಳು ಸಾಧ್ಯ: ಅಂತಹ ಸಂಗತಿ ಇಲ್ಲ, ಅಥವಾ ಸಂಗತಿ ಇದೆ ಆದರೆ ಲೇಖಕರಿಗೆ ದೊರೆತಿಲ್ಲ. ಇವೆರಡಕ್ಕೂ ಒಂದೇ ಗುರುತು ಹಾಕಿದರೆ ಓದುಗನಿಗೆ ವ್ಯತ್ಯಾಸ ತಿಳಿಯದು. ಮೊದಲನೆಯದಕ್ಕೆ ಅಡ್ಡಗೆರೆ, ಎರಡನೆಯದಕ್ಕೆ ‘ಮಾಹಿತಿ ಲಭ್ಯವಿಲ್ಲ’ ಎಂಬ ಮಾತು ಬಳಸುವುದು ಉತ್ತಮ.

== ಕೋಶಗಳ ಜೋಡಣೆ ==

ಒಂದೇ ಮಾಹಿತಿ ಎರಡು ಸಾಲುಗಳಿಗೆ ಅನ್ವಯಿಸುವಾಗ ಕೋಶಗಳನ್ನು ಒಂದುಗೂಡಿಸಬಹುದು. ಮೇಲಿನಿಂದ ಕೆಳಕ್ಕೆ ಹಿಗ್ಗಿಸಲು ರೋಸ್ಪ್ಯಾನ್, ಎಡದಿಂದ ಬಲಕ್ಕೆ ಹಿಗ್ಗಿಸಲು ಕೋಲ್‌ಸ್ಪ್ಯಾನ್ ಎಂಬ ಗುಣಲಕ್ಷಣಗಳಿವೆ. ಗುಣಲಕ್ಷಣವನ್ನು ಕೋಶದ ಮೊದಲಲ್ಲಿ ಬರೆದು, ಅದಕ್ಕೂ ಮಾಹಿತಿಗೂ ನಡುವೆ ಒಂದೇ ಪೈಪ್ ಹಾಕಬೇಕು.

ಇದೇ ತಾಲ್ಲೂಕುಗಳಲ್ಲಿ ಜನಿಸಿದ ಸಾಹಿತಿಗಳ ಪಟ್ಟಿಯನ್ನು ಉದಾಹರಣೆಯಾಗಿ ನೋಡಬಹುದು:

{|
|+ ಕೆಲವು ಸಾಹಿತಿಗಳು (ಆಯ್ದ ಹೆಸರುಗಳು)
! ತಾಲ್ಲೂಕು !! ಹೆಸರು !! ಹುಟ್ಟೂರು !! ಹುಟ್ಟಿದ ವರ್ಷ
|-
| ರೋಸ್ಪ್ಯಾನ್="2" | ಕೃಷ್ಣರಾಜಪೇಟೆ || ಎ. ಎನ್. ಮೂರ್ತಿರಾವ್ || ಅಕ್ಕಿಹೆಬ್ಬಾಳು || 1900
|-
| ಕೆ. ಎಸ್. ನರಸಿಂಹಸ್ವಾಮಿ || ಕಿಕ್ಕೇರಿ || 1915
|-
| ಪಾಂಡವಪುರ || ಪು. ತಿ. ನರಸಿಂಹಾಚಾರ್ || ಮೇಲುಕೋಟೆ || 1905
|-
| ನಾಗಮಂಗಲ || ಎಚ್. ಎಲ್. ನಾಗೇಗೌಡ || ಹೆರಗನಹಳ್ಳಿ || 1915
|}

ಕೆ. ಎಸ್. ನರಸಿಂಹಸ್ವಾಮಿಯವರ ಸಾಲಿನಲ್ಲಿ ಮೂರೇ ಕೋಶಗಳಿವೆ. ಮೊದಲ ಸ್ಥಾನವನ್ನು ಮೇಲಿನಿಂದ ಇಳಿದುಬಂದ ‘ಕೃಷ್ಣರಾಜಪೇಟೆ’ ಆಕ್ರಮಿಸಿರುವುದೇ ಇದಕ್ಕೆ ಕಾರಣ. ಅಲ್ಲಿ ತಾಲ್ಲೂಕಿನ ಹೆಸರನ್ನು ಮತ್ತೊಮ್ಮೆ ಬರೆದರೆ ಎಲ್ಲವೂ ಒಂದು ಮನೆ ಬಲಕ್ಕೆ ಸರಿದು, ವರ್ಷವು ತಲೆಬರಹವಿಲ್ಲದ ಐದನೆಯ ಕಂಬಸಾಲಿಗೆ ಹೋಗುತ್ತದೆ. ಮುಂದೆ ಯಾರಾದರೂ ಈ ತಾಲ್ಲೂಕಿಗೆ ಮೂರನೆಯ ಹೆಸರನ್ನು ಸೇರಿಸಿದಾಗ 2 ಎಂಬ ಸಂಖ್ಯೆಯನ್ನು 3 ಎಂದು ತಿದ್ದಬೇಕು. ಅನೇಕರು ಸೇರಿ ತಿದ್ದುವ ಲೇಖನಗಳಲ್ಲಿ ಇದು ಸುಲಭವಾಗಿ ಮರೆತುಹೋಗುವ ಸಂಗತಿಯಾದ್ದರಿಂದ ಅಗತ್ಯವಿಲ್ಲದೆ ಕೋಶಗಳನ್ನು ಜೋಡಿಸದಿರುವುದು ಒಳ್ಳೆಯದು.

ಈ ಕೋಷ್ಟಕದಲ್ಲಿ ಶ್ರೀರಂಗಪಟ್ಟಣದ ಹೆಸರಿಲ್ಲ. ಅಲ್ಲಿ ಸಾಹಿತಿಗಳೇ ಹುಟ್ಟಿಲ್ಲವೆಂದು ಇದರ ಅರ್ಥವಲ್ಲ. ಇಂತಹ ತಪ್ಪು ತಿಳಿವಳಿಕೆಯನ್ನು ತಡೆಯುವುದಕ್ಕಾಗಿಯೇ ಶೀರ್ಷಿಕೆಯಲ್ಲಿ ‘ಆಯ್ದ ಹೆಸರುಗಳು’ ಎಂದು ಸೂಚಿಸಲಾಗಿದೆ.

== ವಿಂಗಡಣೆ ==

ಕ್ಲಾಸ್ ಗುಣಲಕ್ಷಣದಲ್ಲಿ ವಿಕಿಟೇಬಲ್ ಜೊತೆಗೆ ಸಾರ್ಟಬಲ್ ಎಂಬ ಪದವನ್ನು ಸೇರಿಸಿದರೆ ತಲೆಕೋಶಗಳಲ್ಲಿ ಸಣ್ಣ ಬಾಣದ ಗುರುತು ಮೂಡುತ್ತದೆ. ಅದನ್ನು ಒತ್ತಿ ಓದುಗರು ಸಾಲುಗಳನ್ನು ಏರಿಕೆ ಅಥವಾ ಇಳಿಕೆಯ ಕ್ರಮದಲ್ಲಿ ಜೋಡಿಸಿಕೊಳ್ಳಬಹುದು. ಸಾಹಿತಿಗಳ ಕೋಷ್ಟಕವನ್ನು ವರ್ಷದ ಪ್ರಕಾರ ವಿಂಗಡಿಸಿದಾಗ ಕೃಷ್ಣರಾಜಪೇಟೆಯ ಎರಡು ಸಾಲುಗಳು ಬೇರೆಯಾಗುವುದರಿಂದ ಜೋಡಿಸಿದ ಕೋಶವೂ ಒಡೆದು, ತಾಲ್ಲೂಕಿನ ಹೆಸರು ಎರಡೂ ಸಾಲುಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಸಂಖ್ಯೆಗಳ ಕಂಬಸಾಲಿನಲ್ಲಿ ಅಂಕಿಗಳು ಮಾತ್ರ ಇರಬೇಕು. ‘ಸುಮಾರು’, ‘ನೆಯ ಶತಮಾನ’ ಮುಂತಾದ ಮಾತುಗಳು ಬೆರೆತರೆ ತಂತ್ರಾಂಶ ಆ ಕಂಬಸಾಲನ್ನು ಸಂಖ್ಯೆಯೆಂದು ಗ್ರಹಿಸದೆ ಅಕ್ಷರವೆಂದು ಎಣಿಸಬಹುದು. ಅಕ್ಷರಕ್ರಮದಲ್ಲಿ 900 ಎಂಬುದು 1250ರ ನಂತರ ಬರುತ್ತದೆ, ಏಕೆಂದರೆ ಅಲ್ಲಿ ಹೋಲಿಕೆ ಮೊದಲ ಅಂಕಿಯಿಂದ ಆರಂಭವಾಗುತ್ತದೆ. ಒಂದೇ ಕಂಬಸಾಲಿನಲ್ಲಿ ಕನ್ನಡ ಅಂಕಿಗಳನ್ನೂ ಅಂತರರಾಷ್ಟ್ರೀಯ ಅಂಕಿಗಳನ್ನೂ ಬೆರೆಸುವುದೂ ಸರಿಯಲ್ಲ.

== ದೃಷ್ಟಿಹೀನ ಓದುಗರು ==

ದೃಷ್ಟಿಹೀನರು ಪರದೆಯ ಬರಹವನ್ನು ಧ್ವನಿಯಾಗಿ ಓದಿಹೇಳುವ ತಂತ್ರಾಂಶದ ನೆರವಿನಿಂದ ಲೇಖನಗಳನ್ನು ಕೇಳುತ್ತಾರೆ. ತಲೆಕೋಶಗಳನ್ನು ಉದ್ಗಾರ ಚಿಹ್ನೆಯಿಂದ ಗುರುತಿಸಿದ್ದರೆ ಆ ತಂತ್ರಾಂಶವು ಕೋಶದ ಮಾಹಿತಿಯೊಂದಿಗೆ ಅದರ ತಲೆಬರಹವನ್ನೂ ಹೇಳಬಲ್ಲುದು. ಸಾಮಾನ್ಯ ಕೋಶದ ಅಕ್ಷರಗಳನ್ನು ದಪ್ಪಗೊಳಿಸಿ ತಲೆಬರಹದಂತೆ ಕಾಣಿಸಿದರೆ ಕಣ್ಣಿಗೆ ವ್ಯತ್ಯಾಸ ತೋರದಿದ್ದರೂ, ಕೇಳುವವರಿಗೆ ‘ಅತ್ತಿಕುಪ್ಪೆ’ ಎಂಬುದು ಊರೋ ಹಳೆಯ ಹೆಸರೋ ತಿಳಿಯದು. ಬಣ್ಣವೊಂದರಿಂದಲೇ ಅರ್ಥವನ್ನು ಸೂಚಿಸುವುದನ್ನೂ ಇದೇ ಕಾರಣಕ್ಕೆ ತಪ್ಪಿಸಬೇಕು.

== ಇತರ ಗುರುತುಭಾಷೆಗಳು ==

ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದ ಮಾರ್ಕ್‌ಡೌನ್ ಇನ್ನೊಂದು ಜನಪ್ರಿಯ ಸರಳ ಗುರುತುಭಾಷೆ. ಅದರ ಮೂಲರೂಪದಲ್ಲಿ ಕೋಷ್ಟಕಕ್ಕೆ ಪ್ರತ್ಯೇಕ ಚಿಹ್ನೆಗಳಿರಲಿಲ್ಲ. ನಂತರದ ವಿಸ್ತರಣೆಗಳಲ್ಲಿ ಸೇರಿದವು. ಅಲ್ಲಿಯೂ ಕೋಶಗಳನ್ನು ಪೈಪ್ ಚಿಹ್ನೆಯೇ ಬೇರ್ಪಡಿಸುತ್ತದೆ. ಆದರೆ ಪ್ರತಿ ಗೆರೆಯೂ ಒಂದು ಅಡ್ಡಸಾಲಾಗಿರುತ್ತದೆ. ತಲೆಸಾಲಿನ ಕೆಳಗೆ ಅಡ್ಡಗೆರೆಗಳ ಒಂದು ಸಾಲು ಬರಬೇಕು. ಚಿಹ್ನೆ ಒಂದೇ ಆದರೂ ಕ್ರಮ ಬೇರೆಯಾದ್ದರಿಂದ ಮಾರ್ಕ್‌ಡೌನ್ ಕೋಷ್ಟಕವನ್ನು ವಿಕಿಪುಟಕ್ಕೆ ಹಾಗೆಯೇ ನಕಲಿಸಿದರೆ ಅದು ಕೋಷ್ಟಕವಾಗುವುದಿಲ್ಲ.

== ಕೋಷ್ಟಕ ಯಾವಾಗ ಬೇಡ ==

ಹಲವು ವಸ್ತುಗಳನ್ನು ಒಂದೇ ಬಗೆಯ ಪ್ರಶ್ನೆಗಳಿಂದ ಹೋಲಿಸುವಾಗ ಕೋಷ್ಟಕ ಸೂಕ್ತ. ಕಾರಣ, ಹಿನ್ನೆಲೆ, ಘಟನೆಗಳ ಸರಣಿ ಇವು ಗದ್ಯಕ್ಕೆ ಸೇರಿದವು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು ಎಂಬುದು ಕೋಶದಲ್ಲಿ ಹಿಡಿಸುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಪಡೆಗಳು ಅಲ್ಲಿ ಬೀಡುಬಿಟ್ಟಿದ್ದವು ಎಂಬ ವಿವರಕ್ಕೆ ವಾಕ್ಯವೇ ಬೇಕು. ಒಂದೇ ಕಂಬಸಾಲಿನ ಮಾಹಿತಿಗೆ ಸಾಮಾನ್ಯ ಪಟ್ಟಿ ಸಾಕು.

ಕೋಷ್ಟಕವನ್ನು ಉಳಿಸುವ ಮೊದಲು ಮುನ್ನೋಟವನ್ನು ತೆರೆದು, ಪ್ರತಿ ಸಾಲನ್ನೂ ಅದರ ತಲೆಬರಹಗಳೊಂದಿಗೆ ಸೇರಿಸಿ ಒಂದು ವಾಕ್ಯವಾಗಿ ಓದಿ ನೋಡಬೇಕು. ‘ನಾಗಮಂಗಲ ತಾಲ್ಲೂಕಿನ ಒಂದು ಪ್ರಸಿದ್ಧ ಸ್ಥಳ ಕಂಬದಹಳ್ಳಿ’ ಎಂಬ ವಾಕ್ಯ ಸತ್ಯವಾಗಿದ್ದರೆ ಆ ಕೋಶ ತನ್ನ ಸ್ಥಾನದಲ್ಲಿದೆ ಎಂದರ್ಥ.