ಸದ್ದು ಹೀರೋದು, ದೂಳು ಮಳಖೇಡದ್ದು!

ತೆರೆ ಮೇಲೆ ಹೀರೋ ಕಾರು ಗರ್ಜಿಸಿದರೆ ನಮ್ಮೆದೆ ಡವಡವ! ಆ ಗರ್ಜನೆ ನನ್ನ ಸೆಕೆಂಡ್‌ಹ್ಯಾಂಡ್ ಕಾರಿಗೂ ಬೇಕೆನಿಸಿತು. ಕಂಪೆನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಶಂಕುವಿನಂಥ ಜಾಲರಿ ಫಿಲ್ಟರ್ ಹಾಕಿಸಿದೆ. ಬಂತು ನೋಡಿ ಸದ್ದು! ಸೇಡಂ ರಸ್ತೆಗೆ ನಾನೇ ರಾಜ!

ಆದರೆ ಇದು ಮಳಖೇಡ ಸ್ವಾಮಿ. ಅಂದು ರಾಷ್ಟ್ರಕೂಟರ ರಾಜಧಾನಿ; ಇಂದು ಸುತ್ತಲೂ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಲಾರಿ, ದೂಳೋ ದೂಳು! 1 ಕಿಲೋ ಪೆಟ್ರೋಲ್ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಅಷ್ಟನ್ನೂ ಸೋಸೋದು ಆ ಫಿಲ್ಟರೇ. ಹಳೆಯ ಕಾಗದದ ಫಿಲ್ಟರ್ ನುಣ್ಣನೆ ದೂಳನ್ನೂ ಹಿಡೀತಿತ್ತು. ಜಾಲರಿ ಒಳಗೆ ಬಿಟ್ಟುಕೊಂಡಿತು.

ಒಂದೇ ಬೇಸಿಗೆ, ನೀಲಿ ಹೊಗೆ! ಮಿಸ್ತ್ರಿ ಎಂಜಿನ್ ಬಿಚ್ಚಿದ. ಸಿಲಿಂಡರ್ ತುಂಬ ಗೀರು, ಪಿಸ್ಟನ್ ರಿಂಗ್ ಸವೆದಿದೆ. “ತಮ್ಮಾ, ನಿನ್ನ ಗಾಡಿ ಗಾಳಿ ಅಲ್ಲ, ಮಣ್ಣು ನುಂಗ್ಯಾದ!” ಆರು ತಿಂಗಳ ಲೇಖನಗಳ ಸಂಭಾವನೆ ಗ್ಯಾರೇಜ್ ಪಾಲು.

ಶಕ್ತಿಯಾದರೂ ಹೆಚ್ಚಿತೇ? ಅದೂ ಇಲ್ಲ. ಹಳೆ ಡಬ್ಬಿ ಹೊರಗಿನ ತಂಪು ಗಾಳಿ ಎಳೀತಿತ್ತು. ಹೊಸದು ಬಾನೆಟ್ಟಿನೊಳಗಿನ ಬಿಸಿ, ತೆಳು ಗಾಳಿ ಕುಡಿಯಿತು.

ಗೆಳೆಯರೇ, ಸಿನಿಮಾದ ಗರ್ಜನೆಯನ್ನು ಎಷ್ಟೋ ಸಲ ಸ್ಟುಡಿಯೋದಲ್ಲಿ ಆಮೇಲೆ ಸೇರಿಸ್ತಾರೆ. ನಮ್ಮ ಎಂಜಿನ್‌ಗೆ ರೀಟೇಕ್ ಇಲ್ಲ. ಹಳೆ ಡಬ್ಬಿ ಮತ್ತೆ ಕೂತಿದೆ. ಕಾಗದದ ಫಿಲ್ಟರನ್ನು ಈಗ ಹೊತ್ತಿಗೆ ಮುಂಚೆಯೇ ಬದಲಿಸ್ತೀನಿ.