ಅರೆತಲೆನೋವು ಮತ್ತು ಅಂಗಡಿ ಮಾತ್ರೆ

ಅಕ್ಕ, ಅಜ್ಜಂಪುರದ ಹೊಲದಲ್ಲಿ ಈರುಳ್ಳಿ ಕೀಳುತ್ತೀರಿ. ಬಿಸಿಲು ಹೊಡೆಯುತ್ತೆ. ತಲೆಯ ಒಂದೇ ಭಾಗ ಸಿಡಿಯುತ್ತೆ. ಬೆಳಕು ಕಂಡರೆ ಆಗದು. ವಾಂತಿ ಬರುತ್ತೆ. ಇದೇ ಅರೆತಲೆನೋವು. ಡಾಕ್ಟರು ಇದಕ್ಕೆ ಮೈಗ್ರೇನ್ ಅಂತಾರೆ.

ಕಡೂರು, ತರೀಕೆರೆ ಸಂತೆಗೆ ಹೋದಾಗ ಅಂಗಡಿಯಲ್ಲಿ ಮಾತ್ರೆ ತರುತ್ತೀರಿ. ನುಂಗಿದರೆ ನೋವು ಇಳಿಯುತ್ತೆ. ನಾಳೆ ಮತ್ತೆ ನೋವು, ಮತ್ತೆ ಮಾತ್ರೆ. ಹೀಗೆ ತಿಂಗಳಿಗೆ 10-15 ದಿನ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರುತ್ತೆ! ನಂಬೋದು ಕಷ್ಟ. ಆದರೂ ನಿಜ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಬರೀ ಹೊಟ್ಟೆಗೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಹೆಚ್ಚಾದರೆ ಕಿಡ್ನಿಯೂ ಕೆಡುತ್ತೆ.

ಎರ್ಗೋಟಮೈನ್ ಇರುವ ಮಾತ್ರೆಯೂ ಉಂಟು. ಬಸುರಿಯರಿಗೆ ಅದು ಬೇಡವೇ ಬೇಡ. ಬಿ.ಪಿ., ಹೃದಯದ ಕಾಯಿಲೆ ಇದ್ದವರಿಗೂ ಬೇಡ. ನುಂಗಿದ ಮೇಲೆ ಕೈಬೆರಳು ತಣ್ಣಗಾಗಿ ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿರುತ್ತೆ. ಅಂಗಡಿಯವರನ್ನು ಕೇಳಿ. ಕನ್ನಡದಲ್ಲಿ ಬರೆದುಕೊಳ್ಳಿ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ! ಮಾತ್ರೆ ನುಂಗಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಿರಿ.

ತಿಂಗಳಲ್ಲಿ ಗೆರೆ ಎಂಟು ದಾಟಿತೇ? ಕ್ಯಾಲೆಂಡರ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ನೋವು ಬಾರದಂತೆ ತಡೆಯುವ ಮಾತ್ರೆಗಳಿವೆ. ಅದನ್ನು ಡಾಕ್ಟರೇ ಬರೆದುಕೊಡಬೇಕು. ಉಬ್ಬಸ ಇದ್ದರೆ ಅವರಿಗೆ ಮೊದಲೇ ಹೇಳಿ.